ಸೂರಿನೊಳಗೆ ಅಡಗಿದ ಹೊಗೆಕೊಳವೆ: ಬಾಯ್ಲರ್ ಬದಲಾವಣೆಯ ನಿಜವಾದ ತೊಡಕು

ಬ್ರಿಟನ್ನಿನ ಬಹುಪಾಲು ಮನೆಗಳಲ್ಲಿ ಸ್ನಾನದ ಬಿಸಿನೀರಿಗೂ ಕೋಣೆಗಳ ಶಾಖಕ್ಕೂ ಗ್ಯಾಸ್ ಬಾಯ್ಲರೇ ಆಧಾರ. ಅದು ಕೆಟ್ಟರೆ ಹೊಸದೊಂದನ್ನು ತಂದು ಗೋಡೆಗೆ ತೂಗುಹಾಕಿದರಾಯಿತು ಎಂಬುದು ಸಾಮಾನ್ಯ ಭಾವನೆ. ಉದ್ಯೋಗಕ್ಕಾಗಿ ಅಲ್ಲಿಗೆ ತೆರಳಿ ಫ್ಲ್ಯಾಟ್ ಕೊಂಡ ಕನ್ನಡಿಗರಿಗೂ ಈ ಲೆಕ್ಕಾಚಾರ ತಲೆಕೆಳಗಾಗುವುದುಂಟು. ಕಾರಣ, ಬಾಯ್ಲರಿನ ಹೊಗೆಯನ್ನು ಹೊರಗೊಯ್ಯುವ ‘ಫ್ಲೂ’ ಎಂಬ ಕೊಳವೆ.

2000ದ ನಂತರ ಕಟ್ಟಿದ ಅನೇಕ ಫ್ಲ್ಯಾಟುಗಳಲ್ಲಿ ಬಾಯ್ಲರ್ ಇರುವುದು ಮನೆಯ ನಡುವಿನ ಕಪಾಟಿನಲ್ಲಿ. ಅಲ್ಲಿಂದ ಫ್ಲೂ ಸೂರಿನ ಹಲಗೆಯ ಮೇಲಿನ ಟೊಳ್ಳಿನಲ್ಲಿ ಹಲವು ಮೀಟರ್ ಸಾಗಿ ಹೊರಗೋಡೆಯನ್ನು ಸೇರುತ್ತದೆ. ಕಣ್ಣಿಗೆ ಕಾಣದ ಕಾರಣ ಅದರ ಗೋಜಿಗೆ ಯಾರೂ ಹೋಗುತ್ತಿರಲಿಲ್ಲ. 2008ರಲ್ಲಿ ಲಂಡನ್ನಿನ ಫ್ಲ್ಯಾಟೊಂದರಲ್ಲಿ ಇಂತಹ ಫ್ಲೂನಿಂದ ಸೋರಿದ ಕಾರ್ಬನ್ ಮಾನಾಕ್ಸೈಡ್ ಯುವತಿಯೊಬ್ಬಳ ಪ್ರಾಣ ತೆಗೆಯಿತು. ಬಣ್ಣವಿಲ್ಲದ, ವಾಸನೆಯಿಲ್ಲದ ಈ ಅನಿಲ ಬೆಂಗಳೂರಿನವರಿಗೂ ಹೊಸದಲ್ಲ. ಗ್ಯಾಸ್ ಗೀಸರ್ ಇರುವ ಸ್ನಾನದ ಮನೆಗಳ ಸಾವುಗಳಿಗೆ ಅದೇ ಕಾರಣ.

ತರುವಾಯ ಅಲ್ಲಿ ನಿಯಮ ಬಿಗಿಯಾಯಿತು. ಸೂರಿನೊಳಗಿನ ಫ್ಲೂ ಪರೀಕ್ಷಿಸಲು ಕನಿಷ್ಠ 300 ಮಿ.ಮೀ. ಉದ್ದಗಲದ ಕಿಂಡಿಗಳಿರಬೇಕು, ಯಾವ ಜೋಡಣೆಯೂ ಕಿಂಡಿಯಿಂದ ಒಂದೂವರೆ ಮೀಟರಿಗಿಂತ ದೂರವಿರಬಾರದು. 2013ರ ಜನವರಿ 1ರಿಂದ, ಕಿಂಡಿಯಿಲ್ಲದ ಬಾಯ್ಲರನ್ನು ‘ಅಪಾಯದಲ್ಲಿದೆ’ ಎಂದು ಗುರುತಿಸಿ, ಮನೆಯವರ ಒಪ್ಪಿಗೆ ಪಡೆದು ಆರಿಸಿಡಬೇಕೆಂಬ ಸೂಚನೆ ಗ್ಯಾಸ್ ಎಂಜಿನಿಯರುಗಳಿಗೆ ಬಂತು.

ಹಳೆಯ ಕೊಳವೆಗೇ ಹೊಸ ಬಾಯ್ಲರ್ ಜೋಡಿಸಬಾರದೇಕೆ? ಬಾಯ್ಲರ್ ಮತ್ತು ಫ್ಲೂ ಒಟ್ಟಾಗಿ ಪರೀಕ್ಷೆಗೊಳಗಾಗಿ ಅನುಮೋದನೆ ಪಡೆಯುತ್ತವೆ. ಒಂದು ಕಂಪನಿಯ ಬಾಯ್ಲರಿಗೆ ಮತ್ತೊಂದರ ಕೊಳವೆ ಸಲ್ಲದು. ಅದಕ್ಕಿಂತ ದೊಡ್ಡ ವ್ಯತ್ಯಾಸ ಇಳಿಜಾರಿನದು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2005ರ ಏಪ್ರಿಲ್‌ನಿಂದ ಕಡ್ಡಾಯವಾದ ಕಂಡೆನ್ಸಿಂಗ್ ಬಾಯ್ಲರಿನಲ್ಲಿ ಹೊಗೆಯ ನೀರಾವಿ ತಣಿದು ಆಮ್ಲೀಯ ನೀರಾಗುತ್ತದೆ. ಆ ನೀರು ಬಾಯ್ಲರಿನತ್ತ ಹಿಂದಿರುಗಿ ಮೋರಿ ಸೇರಬೇಕು. ಹಳೆಯ ಮಾದರಿಯ ಕೊಳವೆಗಳನ್ನು ಸಮತಟ್ಟಾಗಿಯೋ ಹೊರಕ್ಕೆ ತುಸು ವಾಲಿಸಿಯೋ ಇಡುತ್ತಿದ್ದರು.

ಇಕ್ಕಟ್ಟಿನ ಲೆಕ್ಕ ಶುರುವಾಗುವುದು ಇಲ್ಲಿಂದ. ಸಾಮಾನ್ಯವಾಗಿ ಮೀಟರಿಗೆ ಸುಮಾರು 50 ಮಿ.ಮೀ. ಇಳಿಜಾರು ಬೇಕು. ನಾಲ್ಕು ಮೀಟರ್ ಉದ್ದದ ಫ್ಲೂಗೆ 200 ಮಿ.ಮೀ. ಆಯಿತು. ಹೊಗೆ ಒಳಗಿನ 60 ಮಿ.ಮೀ. ಕೊಳವೆಯಲ್ಲಿ ಹೊರಹೋಗಿ, ಸುತ್ತಲಿನ 100 ಮಿ.ಮೀ. ಕೊಳವೆಯಿಂದ ಗಾಳಿ ಒಳಬರುವ ಜೋಡಿಕೊಳವೆಯಿದು. ಎರಡನ್ನೂ ಕೂಡಿದರೆ 300 ಮಿ.ಮೀ. ಎತ್ತರದ ಟೊಳ್ಳು ಬೇಕು. ಇರುವುದು 225 ಆದರೆ ಆ ದಾರಿಯೇ ಮುಚ್ಚಿದಂತೆ. ಬಾಗು ಹಾಕಿ ತಪ್ಪಿಸೋಣವೆಂದರೆ ಪ್ರತಿ 90 ಡಿಗ್ರಿ ತಿರುವೂ ಸುಮಾರು ಒಂದು ಮೀಟರ್ ಉದ್ದಕ್ಕೆ ಸಮವಾಗಿ, ಅನುಮತಿಸಿದ ಗರಿಷ್ಠ ಉದ್ದವನ್ನು ನುಂಗುತ್ತದೆ. ನೆಲವನ್ನು ಹೊತ್ತ ಮರದ ತೊಲೆಗಳನ್ನು ಅಷ್ಟು ದೊಡ್ಡ ರಂಧ್ರಕ್ಕಾಗಿ ಕೊರೆಯುವಂತೆಯೂ ಇಲ್ಲ. ಆದ್ದರಿಂದ ಎರಡು ತೊಲೆಗಳ ನಡುವೆ, ಅವುಗಳಿಗೆ ಸಮಾನಾಂತರವಾಗಿ ಸಾಗುವುದೇ ಕ್ಷೇಮ.

ಜಾಗ ಸಿಕ್ಕರೂ ಕೈ ಹೋಗದ ಕಡೆ ಜೋಡಿಸುವುದು ಸುಲಭವಲ್ಲ. ಕತ್ತರಿಸಿದ ಕೊಳವೆಯ ಅಂಚು ನೇರವಾಗಿರಬೇಕು. ಒರಟು ಉಳಿದರೆ ಒಳಗಿನ ರಬ್ಬರ್ ಉಂಗುರ ಹರಿಯುತ್ತದೆ. ಒತ್ತಿ ಕೂರಿಸಿದ ಜೋಡಣೆಗಳು ತಮ್ಮ ತೂಕಕ್ಕೇ ಜೋತುಬಿದ್ದು ಕಳಚದಂತೆ ಬ್ರ್ಯಾಕೆಟ್ಟುಗಳ ಆಸರೆ ಅಗತ್ಯ. ಈ ಚಿಕ್ಕ ಕಬ್ಬಿಣದ ಪಟ್ಟಿಯನ್ನು ಉಳಿಸಹೋದವರು ಅಪಾಯವನ್ನು ಸೂರಿನೊಳಗೆ ಬಿಟ್ಟುಬರುತ್ತಾರೆ.

ದಾರಿ ಸಿಗದಿದ್ದರೆ? ಬಾಯ್ಲರನ್ನೇ ಹೊರಗೋಡೆಗೆ ಸ್ಥಳಾಂತರಿಸಬಹುದು, ಸೂರಿನ ಕೆಳಗೆ ಕೊಳವೆ ಎಳೆದು ಪೆಟ್ಟಿಗೆಯಂತೆ ಮುಚ್ಚಿ ಕಿಂಡಿಯಿಡಬಹುದು, ಇಲ್ಲವೇ ವಿದ್ಯುತ್ ಬಾಯ್ಲರಿಗೆ ಹೋಗಬಹುದು. ಪಕ್ಕದವರ ಮನೆಯ ಮೂಲಕ ಹಾಯಿಸುವುದನ್ನು ಕಟ್ಟಡ ನಿಯಮಗಳ ಮಾರ್ಗಸೂಚಿ ಒಪ್ಪುವುದಿಲ್ಲ.

ಸೂರನ್ನು ಮುಚ್ಚುವ ಮುನ್ನ ಕೊನೆಯ ಪರೀಕ್ಷೆಯೊಂದಿದೆ. ಬಾಯ್ಲರ್ ಉರಿಯುತ್ತಿರುವಾಗ, ಒಳಬರುವ ಗಾಳಿಯ ಹಾದಿಯಲ್ಲಿ ಅಳತೆಯ ಉಪಕರಣವನ್ನಿಟ್ಟು ನೋಡಲಾಗುತ್ತದೆ. ಆಮ್ಲಜನಕ ಶೇ. 20.6ಕ್ಕಿಂತ ಕಡಿಮೆಯಾದರೆ ಅಥವಾ ಇಂಗಾಲದ ಡೈಆಕ್ಸೈಡ್ ಶೇ. 0.2 ಮುಟ್ಟಿದರೆ, ಒಳಗಿನ ಕೊಳವೆಯ ಹೊಗೆ ಗಾಳಿಗೆ ಬೆರೆಯುತ್ತಿದೆ ಎಂದರ್ಥ. ಆಗ ಬಾಯ್ಲರ್ ಆರಿಸಿ, ಕಿಂಡಿ ತೆರೆದು, ಒಂದೊಂದೇ ಜೋಡಣೆಯನ್ನು ಮತ್ತೆ ನೋಡಬೇಕಾಗುತ್ತದೆ.