ಬಣ್ಣದ ಗ್ಲಾಸಿಗೆ ಹಣ ಕೊಡುವ ಮೊದಲು ಕಣ್ಣು ತೋರಿಸಿ

ಕನ್ನಡಕದ ಅಂಗಡಿಗೆ ಹೋದವರಿಗೆಲ್ಲ ಈಗ ಒಂದು ಪ್ರಶ್ನೆ ಕಾದಿರುತ್ತದೆ. 'ಬ್ಲೂ ಕಟ್ ಉಂಟು, ಹಾಕುವುದಾ?' ಮಗ ಮೊಬೈಲ್ ಬಿಡುವುದಿಲ್ಲ, ಮಗಳಿಗೆ ಕಂಪ್ಯೂಟರ್ ಕೋರ್ಸ್, ಗಲ್ಫಿನಲ್ಲಿರುವ ಅಳಿಯನಿಗೆ ಇಡೀ ದಿನ ಆಫೀಸಿನ ಸ್ಕ್ರೀನ್. ಇದನ್ನೆಲ್ಲ ಯೋಚಿಸಿ ಮನೆಯವರು ಹೂಂ ಅಂತಾರೆ. ಬಿಲ್ಲು ಏರುತ್ತದೆ. ಹೆಚ್ಚು ಕೊಟ್ಟ ಹಣಕ್ಕೆ ಕಣ್ಣಿಗೆ ಎಂಥ ಸಿಕ್ಕಿತು ಎಂದು ಕೇಳುವವರು ಕಡಿಮೆ.

ಅಂಗಡಿಯಲ್ಲಿ ಒಂದು ಸಣ್ಣ ನೀಲಿ ಟಾರ್ಚ್ ಹಿಡಿದು ತೋರಿಸುತ್ತಾರೆ. ಮಾಮೂಲಿ ಗ್ಲಾಸಿನಲ್ಲಿ ಆ ಬೆಳಕು ದಾಟಿ ಹೋಗುತ್ತದೆ, ಬ್ಲೂ ಕಟ್‌ನಲ್ಲಿ ನಿಲ್ಲುತ್ತದೆ. ನೋಡಿದವರಿಗೆ ನಂಬಿಕೆ ಬಂದೇ ಬರ್ತದೆ. ಆದರೆ ಆ ಟಾರ್ಚಿನದ್ದು ಹೆಚ್ಚಾಗಿ 405 ನ್ಯಾನೋಮೀಟರಿನ ನೇರಳೆ ಬೆಳಕು. ಮೊಬೈಲ್ ಪರದೆಯ ನೀಲಿ ಇರುವುದು 450ರ ಆಸುಪಾಸಿನಲ್ಲಿ. ಟಾರ್ಚಿನ ಬೆಳಕು ನಿಂತಿತೆಂದು ಮೊಬೈಲಿನ ನೀಲಿಯೂ ನಿಂತಿತು ಎಂದಾಗುವುದಿಲ್ಲ. ಸಾಮಾನ್ಯವಾಗಿ ಈ ಗ್ಲಾಸುಗಳು ತಡೆಯುವುದು ನೀಲಿ ಬೆಳಕಿನ ಶೇ. 10ರಿಂದ 25ರಷ್ಟು ಮಾತ್ರ. ನಾವು ಅಂಗಳಕ್ಕೆ ಕಾಲಿಟ್ಟರೆ ಸೂರ್ಯನಿಂದ ಬರುವ ನೀಲಿ ಬೆಳಕಿನ ಎದುರು ಮೊಬೈಲಿನದ್ದು ಲೆಕ್ಕಕ್ಕೇ ಇಲ್ಲ.

ವೈದ್ಯಕೀಯ ಸಂಶೋಧನೆಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆ 2023ರಲ್ಲಿ ಇಂತಹ 17 ಪ್ರಯೋಗಗಳನ್ನು ಪರಿಶೀಲಿಸಿತು. ಕಂಪ್ಯೂಟರಿನಿಂದ ಬರುವ ಕಣ್ಣಿನ ಆಯಾಸದ ವಿಷಯದಲ್ಲಿ ಮಾಮೂಲಿ ಗ್ಲಾಸಿಗಿಂತ ಹೆಚ್ಚಿನ ಪ್ರಯೋಜನ ಕಾಣಲಿಲ್ಲ. ಬ್ರಿಟನ್ನಿನಲ್ಲಿ 2017ರಲ್ಲಿ ಬೂಟ್ಸ್ ಎಂಬ ದೊಡ್ಡ ಕನ್ನಡಕ ಕಂಪೆನಿಗೆ ಈ ಗ್ಲಾಸಿನ ಬಗ್ಗೆ ದಾರಿ ತಪ್ಪಿಸುವ ಜಾಹೀರಾತು ಕೊಟ್ಟದ್ದಕ್ಕೆ 40,000 ಪೌಂಡ್ ದಂಡ ಬಿತ್ತು.

ಹಾಗಾದರೆ ಮೊಬೈಲ್ ನೋಡಿದರೆ ಕಣ್ಣು ಉರಿಯುವುದು ಸುಳ್ಳಾ? ಅಲ್ಲ. ನಾವು ಸುಮ್ಮನೆ ಕೂತಾಗ ನಿಮಿಷಕ್ಕೆ ಸುಮಾರು 15 ಸಲ ರೆಪ್ಪೆ ಬಡಿಯುತ್ತೇವೆ. ಸ್ಕ್ರೀನ್ ಎದುರು ಅದು ಅರ್ಧಕ್ಕೂ ಇಳಿಯುತ್ತದೆ. ಕಣ್ಣು ಒಣಗುತ್ತದೆ, ಹತ್ತಿರದಲ್ಲೇ ನೋಟ ನೆಟ್ಟು ಕಣ್ಣಿನ ಸ್ನಾಯು ದಣಿಯುತ್ತದೆ. ಇದಕ್ಕೆ ಮದ್ದು ಗ್ಲಾಸಿನಲ್ಲಿಲ್ಲ. 20 ನಿಮಿಷಕ್ಕೊಮ್ಮೆ, 20 ಅಡಿ ದೂರದ ತೆಂಗಿನಮರವನ್ನೋ ಗೇಟನ್ನೋ 20 ಸೆಕೆಂಡು ನೋಡಿದರೆ ಆಯ್ತು. ಖರ್ಚು ಸೊನ್ನೆ.

ಬಣ್ಣದ ಗ್ಲಾಸುಗಳೆಲ್ಲ ಬೋಗಸ್ ಎಂದು ಇದರ ಅರ್ಥವಲ್ಲ. ಬಿಸಿಲಿಗೆ ಅದು ಬೇಕು. ಸಮುದ್ರದ ನೀರು, ಮಳೆ ಬಿದ್ದ ಡಾಮರು ರಸ್ತೆ, ಎದುರಿನ ಕಾರಿನ ಬಾನೆಟ್, ಇವುಗಳ ಮೇಲೆ ಬಿದ್ದು ಮರಳುವ ಬೆಳಕು ಅಡ್ಡಡ್ಡಲಾಗಿ ಕಂಪಿಸುತ್ತಾ ಕಣ್ಣಿಗೆ ಹೊಡೆಯುತ್ತದೆ. ಪೊಲರೈಸ್ಡ್ ಗ್ಲಾಸ್ ಆ ಅಡ್ಡ ಕಂಪನವನ್ನೇ ತಡೆಯುತ್ತದೆ. ಬೋಟಿನಲ್ಲಿ ದುಡಿಯುವವರಿಗೆ, ಹಗಲು ಲಾರಿ ಓಡಿಸುವವರಿಗೆ, ಗಲ್ಫಿನ ರಸ್ತೆಯಲ್ಲಿ ಡ್ರೈವಿಂಗ್ ಮಾಡುವವರಿಗೆ ಇದು ನಿಜವಾದ ಉಪಕಾರ. ಅಸಲಿಯಾ ಎಂದು ನೋಡಲು ಸುಲಭ ದಾರಿ ಉಂಟು. ಮೊಬೈಲ್ ಪರದೆಯ ಎದುರು ಕನ್ನಡಕ ಹಿಡಿದು ನಿಧಾನ ತಿರುಗಿಸಿ. ಪೊಲರೈಸ್ಡ್ ಆಗಿದ್ದರೆ ಹೆಚ್ಚಿನ ಮೊಬೈಲುಗಳಲ್ಲಿ ಯಾವುದೋ ಒಂದು ಕೋನದಲ್ಲಿ ಪರದೆ ಕಪ್ಪಾಗುತ್ತದೆ ಅಥವಾ ಬಣ್ಣ ಬದಲಾಗುತ್ತದೆ.

ಇನ್ನೊಂದು ಮಾತು. ಗ್ಲಾಸ್ ಕಪ್ಪಿದ್ದರೆ ಸಾಕು ಎಂದು ಸಂತೆಯಲ್ಲಿ ಸಿಕ್ಕಿದ್ದನ್ನು ಹಾಕಬೇಡಿ. ಕಪ್ಪು ಗ್ಲಾಸಿನ ಹಿಂದೆ ಕಣ್ಣಿನ ಪಾಪೆ ಅಗಲವಾಗುತ್ತದೆ. ಅದರಲ್ಲಿ ಅತಿನೇರಳೆ ಕಿರಣದ ತಡೆ ಇಲ್ಲದಿದ್ದರೆ ಆ ಕಿರಣ ಒಳಗೆ ಹೋಗಲು ಬಾಗಿಲು ತೆರೆದುಕೊಟ್ಟಂತೆ. 'ಯುವಿ 400' ಉಂಟಾ ಎಂದು ಕೇಳಿಯೇ ತೆಗೆದುಕೊಳ್ಳಿ.

ರಾತ್ರಿ ಹಾಕುವ ಹಳದಿ ಕನ್ನಡಕದ ಕಥೆ ಬೇರೆ. ಎದುರಿನ ಹೆಡ್‌ಲೈಟ್ ಚುಚ್ಚುವುದಿಲ್ಲ ಎಂದು ಮಾರುತ್ತಾರೆ. 2019ರಲ್ಲಿ ಅಮೆರಿಕದಲ್ಲಿ ಪರೀಕ್ಷಿಸಿದಾಗ, ಅದನ್ನು ಹಾಕಿದವರಿಗೆ ರಸ್ತೆ ಬದಿಯ ಮನುಷ್ಯ ಬೇಗ ಕಂಡದ್ದೇನೂ ಇಲ್ಲ. ಯಾವ ಬಣ್ಣವಾದರೂ ರಾತ್ರಿ ಇರುವ ಬೆಳಕನ್ನೇ ಕಡಿಮೆ ಮಾಡುತ್ತದೆ. ನಂಬರಿನ ಕನ್ನಡಕ ಇರುವವರು ಬಣ್ಣವಿಲ್ಲದ ಆ್ಯಂಟಿ ರಿಫ್ಲೆಕ್ಷನ್ ಲೇಪನ ಹಾಕಿಸಿದರೆ ಗ್ಲಾಸಿನ ಮೇಲೆಯೇ ಹೊಳೆಯುವ ಬೆಳಕು ತಗ್ಗುತ್ತದೆ.

ಇಲ್ಲೇ ಅಪಾಯ ಇರುವುದು. ಐವತ್ತು ದಾಟಿದವರಿಗೆ ರಾತ್ರಿ ಹೆಡ್‌ಲೈಟ್ ಸುತ್ತ ಬಳೆ ಕಂಡರೆ, ಬೆಳಕು ಒಡೆದು ಹರಡಿದರೆ ಅದು ಕಣ್ಣಿನ ಪೊರೆ ಇರಬಹುದು. ಹಳದಿ ಕನ್ನಡಕ ಹಾಕಿ ಎರಡು ವರ್ಷ ತಳ್ಳಿದರೆ ಪೊರೆ ಬಲಿಯುತ್ತದೆ, ಗಾಡಿ ಓಡಿಸುವುದು ಬೇರೆಯವರ ಪ್ರಾಣಕ್ಕೂ ಕುತ್ತು. ಹಾಗೆಯೇ ಮದ್ರಸದಲ್ಲಿ ಕಣ್ಣು ಕಿರಿದು ಮಾಡಿ ಬೋರ್ಡ್ ನೋಡುವ, ಪಕ್ಕದವನ ಪುಸ್ತಕ ನೋಡಿ ಬರೆಯುವ ಮಗು ಉದಾಸೀನದ್ದಲ್ಲ. ಅದಕ್ಕೆ ದೂರದ್ದು ಕಾಣುವುದಿಲ್ಲ ಅಷ್ಟೆ. ನಂಬರ್ ನೋಡದೆ ಬ್ಲೂ ಕಟ್ ಹಾಕಿಸಿದರೆ ಬೋರ್ಡ್ ಕಾಣ್ತದಾ? ಹುಡುಗಿ ಕನ್ನಡಕ ಹಾಕಿದರೆ ನಾಳೆ ಸಂಬಂಧ ಬರುವುದಿಲ್ಲ ಎಂದು ಹೆದರಿ ತಲೆನೋವಿಗೆ ಬಾಮ್ ಹಚ್ಚಿ ಕೂರಿಸುವ ಮನೆಗಳು ಈಗಲೂ ಉಂಟು. ಆ ಹೆದರಿಕೆಗೆ ಅವಳ ಓದು ಬಲಿಯಾಗುವುದು ಬೇಡ.

ಸರಕಾರಿ ಆಸ್ಪತ್ರೆಯಲ್ಲಿ ಕಣ್ಣಿನ ಪರೀಕ್ಷೆ ಉಂಟು, ಪೊರೆಯ ಆಪರೇಷನ್ ಕೂಡ ಉಂಟು. ಮೊದಲು ಅಲ್ಲಿ ಕಣ್ಣು ತೋರಿಸಿ, ಚೀಟಿಯಲ್ಲಿ ನಂಬರ್ ಬರೆಸಿಕೊಳ್ಳಿ. ಯಾವ ಗ್ಲಾಸ್ ಎಂದು ಆಮೇಲೆ ಅಂಗಡಿಯವರ ಹತ್ತಿರ ಮಾತಾಡುವ.