ಬೆಂದ್ರ್ ತೀರ್ಥ: ಒಂದು ಹೆಸರಿನ ಎರಡು ಪದಗಳು

ಸಾಂಕೋಲೆಯ ನಮ್ಮ ಮನೆಯಿಂದಲೇ ಮಾತಾಡ್ತಿದ್ದೇನೆ. ಇವತ್ತಿನ ವಿಷಯ ಸ್ಥಳನಾಮ. ನನಗೆ ಅದು ಶುರುವಾದದ್ದು ಅವ್ವನ ಮೊಣಕಾಲು ನೋವಿನಿಂದ.

ಇಲ್ಲಿಗೆ ಹತ್ತಿರದ ಕೇಸರ್ವಾಲ್ ಝರಿಯ ನೀರು ಔಷಧಿ ಎಂಬ ನಂಬಿಕೆಯಿದೆ. ಅವ್ವ ಹೋಗಿ ಬಂದಳು, ಅದು ತಣ್ಣೀರು. ಮುರಕಲ್ಲಿನ ಗುಡ್ಡದಲ್ಲಿ ಇಂಗಿ ಬುಡದಲ್ಲೇ ಹೊರಬರುವ ಮಳೆನೀರಿಗೆ ಬಿಸಿಯಾಗುವಷ್ಟು ಆಳ ಸಿಗುವುದಿಲ್ಲ. ಆಮೇಲೆ ಯಾರೋ ಪುತ್ತೂರು ತಾಲ್ಲೂಕು ಇರ್ದೆಯ ಬೆಂದ್ರ್ ತೀರ್ಥದ ಹೆಸರು ಹೇಳಿದರು. ಮಡಗಾಂವಿನಿಂದ ಮಂಗಳೂರಿಗೆ ರೈಲು, ಅಲ್ಲಿಂದ ಬಸ್ಸು, ಇಬ್ಬರೂ ಹೋದೆವು.

ಸೀರೆಹೊಳೆಯ ದಡದಲ್ಲಿ ಕಟ್ಟಿದ ಸಣ್ಣ ಕೊಳ, ಗಂಧಕದ ವಾಸನೆ, ಉಗುರುಬೆಚ್ಚಗಿನ ನೀರು. ಇಲ್ಲಿ ಜ್ವಾಲಾಮುಖಿ ಇಲ್ಲ. ಭೂಮಿಯೊಳಗೆ ಕಿಲೋಮೀಟರಿಗೆ ಸಾಮಾನ್ಯವಾಗಿ 25-30 ಡಿಗ್ರಿ ಬಿಸಿ ಏರುತ್ತದೆ. ಬಿರುಕುಗಳಲ್ಲಿ ಆಳಕ್ಕಿಳಿದ ನೀರು ತಣಿಯುವ ಮೊದಲೇ ಮೇಲೆ ಬಂದರೆ ಅದೇ ಬಿಸಿನೀರಿನ ಬುಗ್ಗೆ. 1872ರಲ್ಲಿ ರಾಷ್ಟ್ರೀಯ ಉದ್ಯಾನವಾದ ಅಮೆರಿಕದ ಯೆಲ್ಲೋಸ್ಟೋನಿನಲ್ಲಿ, ಮ್ಯಾಮತ್ ಬುಗ್ಗೆಗಳ ನೀರು ಸುಣ್ಣಕಲ್ಲನ್ನು ಕರಗಿಸಿಕೊಂಡು ಬರುತ್ತದೆ. ಮೇಲೆ ಬಂದು ಇಂಗಾಲದ ಡೈಆಕ್ಸೈಡ್ ಬಿಟ್ಟುಕೊಟ್ಟಾಗ ಆ ಸುಣ್ಣ ಪದರ ಪದರವಾಗಿ ಕೂತು ಮೆಟ್ಟಿಲು ಕಟ್ಟುತ್ತದೆ. ಇರ್ದೆಯಲ್ಲಿ ಅಂಥ ಮೆಟ್ಟಿಲುಗಳಿಲ್ಲ. ಅಲ್ಲಿ ಬಿಸಿಯ ಗುರುತು ಉಳಿದಿರುವುದು ಹೆಸರಿನಲ್ಲಿ.

ತುಳುವಿನಲ್ಲಿ ನೀರು 'ನೀರ್', ಬಿಸಿನೀರು 'ಬೆಂದ್ರ್'. ಹಳಗನ್ನಡದ 'ಬೆನ್ನೀರ್' ಇದರ ನಂಟಿನ ಪದ. 'ತೀರ್ಥ' ಸಂಸ್ಕೃತದ್ದು, ಮೊದಲಿಗೆ ನೀರಿಗಿಳಿಯುವ, ಹೊಳೆ ದಾಟುವ ಜಾಗ, ಆಮೇಲೆ ಪುಣ್ಯಸ್ಥಳ. ಸ್ಥಳನಾಮ ಓದುವಾಗ ನಾವು ಬೇಗನೆ ಪುರಾಣಕ್ಕೆ ಹೋಗ್ತೇವೆ. ನೀರು ಮುಟ್ಟಿ ನೋಡಿದವರು ಇಟ್ಟ ಮೊದಲ ಪದವನ್ನು ಮರೀತೇವೆ. ನನ್ನ ತಕರಾರು ಇಷ್ಟೇ.

ಕೊಳದ ಮೆಟ್ಟಿಲ ಮೇಲೆ ಕೂತು ಅವ್ವನಿಗೂ ಇದನ್ನೇ ಹೇಳಿದೆ. "ಬರೇ ಬಿಸಿನೀರಿಗೆ ಇಷ್ಟ್ ದೂರ ಕರ್ಕೊಂಡ್ ಬಂದಿಯೇನೋ? ಮನ್ಯಾಗ ಹಂಡೇದಾಗ ಕಾಸಿದ್ರ ಆಗತಿರಲಿಲ್ಲೇನು?" ಅಂದಳು. ಕಾಲನ್ನು ಮಾತ್ರ ನೀರಿನಿಂದ ತೆಗೀಲಿಲ್ಲ.

ಬಿಸಿಗೆ ನೋವು ಸ್ವಲ್ಪ ಹೊತ್ತು ಸಡಿಲಾಗುತ್ತದೆ. 'ಬೆಂದ್ರ್' ಅಷ್ಟನ್ನೇ ಹೇಳುತ್ತದೆ. ವಾಸಿಯಾಗುತ್ತದೆ ಎಂಬ ಆಸೆ 'ತೀರ್ಥ'ದ್ದು. ವಾಪಸು ಬಂದು ವೈದ್ಯರಿಗೆ ತೋರಿಸಿದೆವು. ಆದರೂ ಆ ಎರಡನೆಯ ಪದವನ್ನು ಬರೀ ಮೂಢನಂಬಿಕೆ ಅಂತ ಬರೆಯಲು ನನಗೆ ಕೈ ಬರೋದಿಲ್ಲ. ಆ ಪದ ಇಲ್ಲದಿದ್ದರೆ ಅವ್ವ ಮನೆಗೆಲಸ ಬಿಟ್ಟು ಎರಡು ದಿನ ಹೊರಡುತ್ತಿರಲಿಲ್ಲ.

ಪ್ರಶ್ನೆಗಳಿದ್ದರೆ ಕೇಳಿ.