ಲಿಜಿಯಾಂಗ್: ಸಂತೆಯಿಂದ ಬೆಳೆದ ನಾಶಿ ಜನರ ಪಟ್ಟಣ

ವ್ಯಾಪಾರ ಮೇಳಗಳ ನಿಮಿತ್ತ ಚೀನಾಕ್ಕೆ ತೆರಳುವ ನಮ್ಮ ವರ್ತಕರು ಹಾಗೂ ಸಣ್ಣ ಉದ್ಯಮಿಗಳು ಸಾಮಾನ್ಯವಾಗಿ ಗುವಾಂಗ್‌ಝೌ, ಯಿವು ಮೊದಲಾದ ನಗರಗಳನ್ನು ನೋಡಿ ಹಿಂದಿರುಗುತ್ತಾರೆ. ಎರಡು ಮೂರು ದಿನಗಳ ಬಿಡುವು ದೊರೆತಲ್ಲಿ, ಆ ದೇಶದ ನೈಋತ್ಯ ಭಾಗದ ಯುನ್ನಾನ್ ಪ್ರಾಂತ್ಯದಲ್ಲಿರುವ ಲಿಜಿಯಾಂಗ್ ಹಳೆಯ ಪಟ್ಟಣಕ್ಕೆ ಭೇಟಿ ನೀಡುವುದು ಉಪಯುಕ್ತ. ಸಮುದ್ರಮಟ್ಟದಿಂದ ಸುಮಾರು 2,400 ಮೀಟರ್ ಎತ್ತರದಲ್ಲಿರುವ, ನಾಶಿ ಜನಾಂಗದ ಸಂಸ್ಕೃತಿಯಿಂದ ರೂಪುಗೊಂಡ ಈ ಪಟ್ಟಣವು 1997ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಇದು ಕೋಟೆಯ ಊರಲ್ಲ, ಯಾತ್ರಾಸ್ಥಳವೂ ಅಲ್ಲ. ಸಂತೆಯಿಂದ ಬೆಳೆದ ಊರು. ಆದುದರಿಂದಲೇ ಇದರ ಏಳುಬೀಳುಗಳನ್ನು ವರ್ತಕರು ಅರಿಯುವುದು ಅಗತ್ಯ.

ಚಹಾ ಮತ್ತು ಕುದುರೆಯ ಹಾದಿ

ದಕ್ಷಿಣ ಯುನ್ನಾನಿನ ಚಹಾ ಟಿಬೆಟಿಗೂ, ಟಿಬೆಟಿನ ಕುದುರೆಗಳು ಚೀನಾಕ್ಕೂ ಸಾಗುತ್ತಿದ್ದ ಪರ್ವತಮಾರ್ಗದಲ್ಲಿ ಲಿಜಿಯಾಂಗ್ ಪ್ರಮುಖ ತಂಗುದಾಣವಾಗಿತ್ತು. ದೂರದ ಸಾಗಾಣಿಕೆಗೆ ಅನುಕೂಲವಾಗಲೆಂದು ಚಹಾವನ್ನು ಬಿಲ್ಲೆಗಳಾಗಿ ಒತ್ತಲಾಗುತ್ತಿತ್ತು. ತಲಾ 357 ಗ್ರಾಂ ತೂಕದ ಏಳು ಬಿಲ್ಲೆಗಳ ಕಟ್ಟು ಇಂದಿಗೂ ಅಲ್ಲಿನ ಮಾರುಕಟ್ಟೆಯಲ್ಲಿ ರೂಢಿಯಲ್ಲಿದೆ.

ಈ ಹಾದಿಗೆ ಭಾರತದ ನಂಟೂ ಇದೆ. 1942ರಲ್ಲಿ ಬರ್ಮಾ ರಸ್ತೆಯು ಜಪಾನೀಯರ ವಶವಾದಾಗ, ಬಂಗಾಳದ ಕಾಲಿಂಪಾಂಗಿನಿಂದ ಲಾಸಾ ಮೂಲಕ ಲಿಜಿಯಾಂಗಿಗೆ ಸರಕು ಸಾಗಿಸುವ ವ್ಯಾಪಾರವು ಒಮ್ಮೆಲೇ ವೃದ್ಧಿಸಿತು. ಈ ಮಾರ್ಗದಲ್ಲಿ ಸುಮಾರು 8,000 ಕುದುರೆ-ಹೇಸರಗತ್ತೆಗಳೂ 20,000 ಯಾಕ್‌ಗಳೂ ದುಡಿದಿರಬಹುದೆಂದು, ಅಂದು ಅಲ್ಲಿ ನೆಲೆಸಿದ್ದ ರಷ್ಯಾ ಮೂಲದ ಪೀಟರ್ ಗುಲಾರ್ಟ್ ಅಂದಾಜಿಸಿದ್ದಾರೆ. ಚೀನಾದ ಕೈಗಾರಿಕಾ ಸಹಕಾರ ಸಂಘಗಳ ಸಂಘಟಕರಾಗಿದ್ದ ಅವರು, ಉಣ್ಣೆ ನೂಲುವವರು, ನೇಕಾರರು, ತಾಮ್ರದ ಹಾಗೂ ಚರ್ಮದ ಕೆಲಸಗಾರರು ಸಣ್ಣ ಬಂಡವಾಳದಿಂದ ಸಂಘಗಳನ್ನು ಕಟ್ಟಿಕೊಳ್ಳಲು ನೆರವಾದರು. ಅಂಗಡಿ, ಲೇವಾದೇವಿ, ಚೌಕಾಶಿಗಳೆಲ್ಲವೂ ಬಹುಮಟ್ಟಿಗೆ ನಾಶಿ ಮಹಿಳೆಯರ ಕೈಯಲ್ಲಿದ್ದುದನ್ನು ಅವರು ವಿಶೇಷವಾಗಿ ದಾಖಲಿಸಿದ್ದಾರೆ.

ಸಂತೆಗೆ ತಕ್ಕ ವ್ಯವಸ್ಥೆ

1723ರವರೆಗೆ ಈ ಪ್ರದೇಶವನ್ನು ಮೂ ಎಂಬ ನಾಶಿ ಮನೆತನವು ಆಳಿತು. ಪಟ್ಟಣಕ್ಕೆ ಕೋಟೆಗೋಡೆ ಇಲ್ಲ. 'ಮೂ' ಎಂದರೆ ಮರ. ಆ ಅಕ್ಷರದ ಸುತ್ತ ಚೌಕಟ್ಟು ಬರೆದರೆ 'ಸಂಕಟಕ್ಕೆ ಸಿಲುಕಿದುದು' ಎಂಬ ಅರ್ಥದ ಬೇರೊಂದು ಅಕ್ಷರವಾಗುತ್ತದೆ, ಆದುದರಿಂದಲೇ ಅರಸರು ಗೋಡೆ ಕಟ್ಟಿಸಲಿಲ್ಲ ಎಂಬುದು ಪ್ರತೀತಿ. ಕಾರಣವೇನೇ ಇರಲಿ, ನಾಲ್ಕೂ ದಿಕ್ಕಿನಿಂದ ಬರುವ ವ್ಯಾಪಾರಿಗಳಿಗೆ ಊರು ತೆರೆದೇ ಇತ್ತು.

ಊರ ನಡುವೆ ಸಿಫಾಂಗ್‌ಜಿಯೆ ಎಂಬ ಕಲ್ಲುಹಾಸಿನ ಸಂತೆಮಾಳವಿದ್ದು, ಮುಖ್ಯ ಬೀದಿಗಳು ಇಲ್ಲಿಂದಲೇ ಕವಲೊಡೆಯುತ್ತವೆ. ಉತ್ತರದ ಕಪ್ಪು ಡ್ರ್ಯಾಗನ್ ಕೊಳದಿಂದ ಬರುವ ಹೊಳೆಯು ಊರಿಗೆ ಬಂದೊಡನೆ ಮೂರು ಕವಲಾಗಿ, ಮುಂದೆ ಸಣ್ಣ ಕಾಲುವೆಗಳಾಗಿ ಮನೆಮನೆಯ ಮುಂದೆ ಹರಿಯುತ್ತದೆ. ಸಂತೆ ಮುಗಿದ ಬಳಿಕ ಪಶ್ಚಿಮದ ಕವಲಿನ ತೂಬನ್ನು ಮುಚ್ಚಿದರೆ ನೀರು ಉಕ್ಕಿ ಸಂತೆಮಾಳದ ಮೇಲೆ ಹರಿದು ಕಸವನ್ನೆಲ್ಲ ಕೊಚ್ಚಿಕೊಂಡು ಹೋಗುತ್ತಿತ್ತು.

'ಮೂರು ಕಣ್ಣಿನ ಬಾವಿ'ಗಳೂ ಗಮನಾರ್ಹ. ಒಂದೇ ಊಟೆಯ ನೀರು ಮೂರು ತೊಟ್ಟಿಗಳ ಮೂಲಕ ಇಳಿಯುತ್ತದೆ. ಮೊದಲನೆಯದು ಕುಡಿಯಲು, ಎರಡನೆಯದು ತರಕಾರಿ ತೊಳೆಯಲು, ಮೂರನೆಯದು ಬಟ್ಟೆ ಒಗೆಯಲು. ಮೇಲಿನವನು ನಿಯಮ ಮುರಿದರೆ ಕೆಳಗಿನವರೆಲ್ಲರಿಗೂ ನಷ್ಟ. ಇಂತಹ ಸಾಮಾನ್ಯ ಒಪ್ಪಂದಗಳ ಮೇಲೆಯೇ ಈ ಪಟ್ಟಣದ ವ್ಯಾಪಾರವು ಶತಮಾನಗಳ ಕಾಲ ನಡೆದುಬಂದಿತು.

ಪರಂಪರೆಯೇ ಸರಕಾದಾಗ

1996ರ ಫೆಬ್ರವರಿ 3ರಂದು ಸಂಭವಿಸಿದ ತೀವ್ರ ಭೂಕಂಪದಲ್ಲಿ ಈ ಪ್ರದೇಶದ 300ಕ್ಕೂ ಹೆಚ್ಚು ಮಂದಿ ಮೃತಪಟ್ಟರು. ನಾಶಿ ಮನೆಗಳ ಇಟ್ಟಿಗೆಗೋಡೆಗಳು ಉರುಳಿದರೂ, ಬೆಸುಗೆಯ ಮರದ ಚೌಕಟ್ಟುಗಳು ಹಲವೆಡೆ ನಿಂತೇ ಇದ್ದುವು. ಪುನರ್ನಿರ್ಮಾಣವನ್ನು ಹಳೆಯ ಶೈಲಿಯಲ್ಲಿಯೇ ಕೈಗೊಳ್ಳಲಾಯಿತು. ಮರುವರ್ಷ ಯುನೆಸ್ಕೊ ಮನ್ನಣೆ ಲಭಿಸಿದ ಮೇಲೆ ಪ್ರವಾಸಿಗರ ಪ್ರವಾಹವೇ ಹರಿಯಿತು.

ಇದರ ಪರಿಣಾಮ ಎರಡು ಬಗೆಯದು. ಬಾಡಿಗೆ ಏರಿದಂತೆ ನಾಶಿ ಕುಟುಂಬಗಳು ತಮ್ಮ ಮನೆಗಳನ್ನು ಹೊರಗಿನ ವ್ಯಾಪಾರಿಗಳಿಗೆ ಬಿಟ್ಟುಕೊಟ್ಟು ಹೊಸ ಬಡಾವಣೆಗಳಿಗೆ ತೆರಳಿದುವು. ಕುಟುಂಬಗಳಿಗೆ ವರಮಾನ ಹೆಚ್ಚಿತು. ಆದರೆ ನಾಶಿ ಮಾತು, ಅಡುಗೆ, ಹಬ್ಬಗಳು ಬೀದಿಯಿಂದ ಮರೆಯಾಗತೊಡಗಿದುವು. ಒಂದೇ ಬಗೆಯ ಶಾಲು, ಬೆಳ್ಳಿ ಆಭರಣ, ಕೊನೆಗೆ ಆಫ್ರಿಕಾದ ಡೋಲುಗಳನ್ನೂ ಮಾರುವ ಅಂಗಡಿಗಳು ಸಾಲುಸಾಲಾಗಿ ತೆರೆದುವು. ವಾಣಿಜ್ಯೀಕರಣದ ಬಗ್ಗೆ 2007ರಲ್ಲಿ ವಿಶ್ವ ಪರಂಪರೆ ಸಮಿತಿಯು ಕಳವಳ ವ್ಯಕ್ತಪಡಿಸಿತು.

ಸಂರಕ್ಷಣೆಯ ವೆಚ್ಚವನ್ನು ಭರಿಸುವವರಾರೆಂಬ ಪ್ರಶ್ನೆಯೂ ಎದ್ದಿತು. ಪ್ರವಾಸಿಗರಿಂದ ಪಡೆಯುತ್ತಿದ್ದ ನಿರ್ವಹಣಾ ಶುಲ್ಕವನ್ನು 2007ರಲ್ಲಿ 80 ಯುವಾನ್‌ಗೆ ಏರಿಸಲಾಯಿತು. 2015ರಲ್ಲಿ ಊರಿನ ಪ್ರವೇಶಸ್ಥಳಗಳಲ್ಲಿಯೇ ಶುಲ್ಕದ ತಪಾಸಣೆ ನಡೆದಾಗ, ಗಿರಾಕಿಗಳು ಹಿಂದಿರುಗುತ್ತಾರೆಂದು ವ್ಯಾಪಾರಿಗಳು ಅಂಗಡಿ ಮುಚ್ಚಿ ಪ್ರತಿಭಟಿಸಿದರು. ಪ್ರವಾಸಿಗರ ದೂರುಗಳು ಹೆಚ್ಚಿದ ಹಿನ್ನೆಲೆಯಲ್ಲಿ, 2017ರ ಫೆಬ್ರವರಿಯಲ್ಲಿ ಚೀನಾದ ರಾಷ್ಟ್ರೀಯ ಪ್ರವಾಸೋದ್ಯಮ ಆಡಳಿತವು ಈ ಪಟ್ಟಣಕ್ಕೆ ಗಂಭೀರ ಎಚ್ಚರಿಕೆ ನೀಡಿತು. 2019ರಲ್ಲಿ ಶುಲ್ಕವನ್ನು 50 ಯುವಾನ್‌ಗೆ ಇಳಿಸಲಾಯಿತು.

ನೋಡಬೇಕಾದುವು

ಪ್ರಾಂತ್ಯದ ರಾಜಧಾನಿ ಕುನ್ಮಿಂಗಿನಿಂದ ಲಿಜಿಯಾಂಗಿಗೆ ವಿಮಾನ ಹಾಗೂ ವೇಗದ ರೈಲುಗಳ ಸೌಲಭ್ಯವಿದೆ. ಎತ್ತರದ ಪ್ರದೇಶವಾದುದರಿಂದ ಮೊದಲ ದಿನ ವಿಶ್ರಾಂತಿ ಪಡೆಯುವುದು ಒಳಿತು. ಬೀದಿಗಳ ಸ್ವರೂಪವನ್ನು ತಿಳಿಯಲು ಅಂಗಡಿಗಳು ತೆರೆಯುವ ಮುನ್ನ, ಮುಂಜಾನೆ ನಡೆದು ನೋಡಬೇಕು.

ಪರಂಪರೆಯ ತಾಣದಲ್ಲಿಯೇ ಸೇರಿರುವ ಶುಹೆ ಮತ್ತು ಬೈಶಾ ಎಂಬ ಎರಡು ಹಳ್ಳಿಗಳನ್ನು ಬಿಡಬಾರದು. ಶುಹೆ ಚರ್ಮದ ಕಸುಬಿಗೆ ಹೆಸರಾದ ಊರು. ಇಲ್ಲಿನವರು ದಬ್ಬಣವೊಂದನ್ನೇ ನಂಬಿ ಪರಸ್ಥಳಗಳಲ್ಲಿ ಜೀವನ ನಡೆಸಬಲ್ಲರೆಂಬ ಮಾತಿದೆ. ಬೈಶಾದ ಭಿತ್ತಿಚಿತ್ರಗಳಲ್ಲಿ ಟಿಬೆಟ್ ಮತ್ತು ಚೀನಾದ ಧಾರ್ಮಿಕ ಕಲೆಗಳು ಬೆರೆತಿವೆ. ನಾಶಿ ಪುರೋಹಿತರಾದ ದೊಂಗ್ಬಾಗಳ ಚಿತ್ರಲಿಪಿಯ ಹಸ್ತಪ್ರತಿಗಳು 2003ರಲ್ಲಿ ಯುನೆಸ್ಕೊದ 'ವಿಶ್ವದ ಸ್ಮೃತಿ' ದಾಖಲೆಗೆ ಸೇರಿವೆ. ಅವನ್ನು ಬರೆಯುವ, ಗಿಡದ ತೊಗಟೆಯಿಂದ ಕೈಯಲ್ಲೇ ತಯಾರಿಸುವ ಕಾಗದವು ಹುಳು ಹಿಡಿಯದೆ ದೀರ್ಘಕಾಲ ಬಾಳುತ್ತದೆ. ಖರೀದಿಸುವವರು ಇಂತಹ ಸ್ಥಳೀಯ ಸರಕನ್ನು, ಸಾಧ್ಯವಾದರೆ ತಯಾರಕರ ಎದುರಿನಲ್ಲಿಯೇ, ಕೊಳ್ಳುವುದು ಲೇಸು.

ಲಿಜಿಯಾಂಗಿನ ಪ್ರತಿಯೊಂದು ಅಂಗಡಿಯೂ ತನ್ನ ಲಾಭವನ್ನು ಪಡೆಯುತ್ತಿರುವುದು ಯಾವ ಅಂಗಡಿಗೂ ಸೇರದ ಒಂದು ಬಂಡವಾಳದಿಂದ: ನಾಶಿ ಜನರ ಬದುಕಿನಿಂದ. ಆ ಬಂಡವಾಳಕ್ಕೆ ಸವಕಳಿಯ ಲೆಕ್ಕವಿಡದೆ, ಮರುಹೂಡಿಕೆ ಮಾಡದೆ ಬಡ್ಡಿಯನ್ನಷ್ಟೇ ಎಣಿಸಿದ್ದರ ಫಲವನ್ನು ಆ ಪಟ್ಟಣ ಕಂಡಿದೆ. ಮೇಲಿನ ತೊಟ್ಟಿಯ ನೀರು ತಿಳಿಯಾಗಿದ್ದರೆ ಮಾತ್ರ ಕೆಳಗಿನ ತೊಟ್ಟಿಗೂ ನೀರಿದ್ದು ಪ್ರಯೋಜನ ಎಂಬುದನ್ನು ಅಲ್ಲಿನ ಹಿರಿಯರು ಬಾವಿಯ ಕಟ್ಟೆಯಲ್ಲಿಯೇ ತೋರಿಸಿಕೊಟ್ಟಿದ್ದರು. ಊರಿನ ಹೆಸರಿನಿಂದ ತಮ್ಮ ಸರಕನ್ನು ಮಾರುವ ಯಾವುದೇ ಪೇಟೆಯ ವರ್ತಕರಿಗೆ ಈ ನಿಯಮ ಅನ್ವಯಿಸುತ್ತದೆ.